ಓರೆ ಬಿಸಿಲಿಗೆ ಕಾದ ಕೆಂಪಣ್ಣ

ಕೆಂಪಣ್ಣ ಫೋಟೋ ತೆಗೆಯುವುದಕ್ಕಿಂತ ತೆಗೆಯದೆ ಕೂರುವುದೇ ಹೆಚ್ಚು. ಪಾಳು ಗುಡಿಯ ಮುಂದೆ ಸ್ಟ್ಯಾಂಡ್ ನೆಟ್ಟು, ಕ್ಯಾಮೆರಾ ಕೂರಿಸಿ, ತಾನು ಹೋಗಿ ಒಂದು ಚಪ್ಪಡಿಯ ಮೇಲೆ ಕೂತುಬಿಡುತ್ತಿದ್ದ. ಯಾಕೋ ಎಂದರೆ, "ಬಿಸ್ಲು ಇನ್ನೂ ನೆತ್ತಿ ಮ್ಯಾಲದೆ ಕಣ್ಲಾ. ಓರೆ ಆಗ್ಲಿ ತಡಿ," ಎನ್ನುತ್ತಿದ್ದ. ಓರೆಯಾಗುವ ಹೊತ್ತಿಗೆ ಮೋಡ ಬರುತ್ತಿತ್ತು. ಮೋಡ ಸರಿದರೆ ಮೇಕೆಯೊಂದು ಬಂದು ಮೆಟ್ಟಿಲ ಮೇಲೆ ಮಲಗುತ್ತಿತ್ತು. ಮೇಕೆ ಓಡಿಸಲು ನಾನಿದ್ದೆ.

ಹುಣಸೂರಿನಲ್ಲಿ ಅವನಿಗೊಂದು ಸ್ಟುಡಿಯೋ. ಮದುವೆಮನೆಯಲ್ಲಿ ಪಟಪಟನೆ ಫೋಟೋ ಹೊಡೆಯುವವನು ಹಳೇ ಕಲ್ಲು ಕಂಡರೆ ಹೀಗಾಗುತ್ತಿದ್ದ. ನಾನು ಅವನ ಜೊತೆ ಹೈಸ್ಕೂಲು ಓದಿದವನು, ಹನಗೋಡಿನಲ್ಲಿ ಹೊಗೆಸೊಪ್ಪು ಬೆಳೆಯುವವನು. ಕೆ.ಆರ್. ನಗರದ ಕಡೆಯ ಮಂಟಪಗಳಿಗೆ, ಎಚ್.ಡಿ. ಕೋಟೆ ದಾರಿಯ ಮಾಸ್ತಿಕಲ್ಲುಗಳಿಗೆ ನನ್ನ ಸ್ಕೂಟರೇ ಗತಿ. ಕಂಬದ ಎತ್ತರ ತಿಳಿಯಲೆಂದು ಅದರ ಪಕ್ಕ ನನ್ನನ್ನೇ ನಿಲ್ಲಿಸುತ್ತಿದ್ದ. ಒಮ್ಮೆ ತಲೆ ಬಾಚಿಕೊಳ್ಳಲು ಹೋದರೆ, "ನಿನ್ ಮೊಕ ಯಾರ್ಲಾ ನೋಡಾರು? ನೆಟ್ಟಗೆ ನಿಂತ್ಕೊ, ಸಾಕು," ಎಂದ. ಮೈಯೆಲ್ಲ ಉರಿದುಹೋಯಿತು.

ಅವನನ್ನು ಹೆಚ್ಚು ಕಾಡಿದ್ದು ರಾವಂದೂರಿನ ಹತ್ತಿರದ ಒಂದು ವೀರಗಲ್ಲು. ಅದನ್ನು ಪೂಜಿಸುವ ಮನೆಯವರು ವರ್ಷವಿಡೀ ಎಣ್ಣೆ, ಅರಿಶಿನ ಬಳಿದು ಕೆತ್ತನೆಯೇ ಕಾಣದಂತಾಗಿತ್ತು. ಕೆಂಪಣ್ಣ ತೆಂಗಿನ ನಾರು ಹಿಡಿದು ಉಜ್ಜಲು ಹೋದ. ಆ ಮನೆಯ ಮುದುಕಿ ಪುಟ್ಟಮ್ಮ ತಡೆದರು. "ಅದು ನಮ್ ಹಿರೀಕ. ಕಂಡ್ ಕಂಡಾಗ ಮೈ ತೊಳೆಯಾಕೆ ಎಮ್ಮೆಯಾ? ಪಿತೃಪಕ್ಸದ ಅಬ್ಬಕ್ಕೆ ನಾವೇ ಮೀಯಿಸ್ತೀವಿ, ಆಗ ಬನ್ನಿ."

ಹಬ್ಬದ ಬೆಳಿಗ್ಗೆ ಸೀಗೆಪುಡಿ ಹಾಕಿ ಕಲ್ಲನ್ನು ತೊಳೆಯುತ್ತಾರೆ. ಅದು ಆರಿದ ಕೂಡಲೇ ಮತ್ತೆ ಎಣ್ಣೆ. ವರ್ಷಕ್ಕೆ ಆ ಒಂದಿಷ್ಟು ಹೊತ್ತು ಮಾತ್ರ ಕಲ್ಲಿನ ಬರಿಮೈ ಕಾಣುವುದು. ಮೊದಲ ವರ್ಷ ಹೋದರೆ ಜಿಟಿಜಿಟಿ ಮಳೆ. ಮರುವರ್ಷ ಮೋಡ. ಫ್ಲ್ಯಾಶ್ ಹಾಕಿ ಮುಗಿಸೋ ಮಾರಾಯ ಎಂದು ಗದರಿದೆ.

"ಫ್ಲ್ಯಾಶ್ ಹಾಕುದ್ರೆ ಕೆತ್ನೆ ಸತ್ತೋಯ್ತದೆ ಕಣ್ಲಾ. ನೆಳ್ಳು ಬಿದ್ರೇನೇ ಮೂಗು ಮೂಗಾಗೋದು."

ಕ್ಯಾಮೆರಾ ಬ್ಯಾಗಿನಿಂದ ಹೊರಗೆ ಬರಲೇ ಇಲ್ಲ.

ಮೂರನೆಯ ವರ್ಷ ಅವನು ಹಾಸಿಗೆ ಹಿಡಿದಿದ್ದ. ಮುಂದಿನ ವರ್ಷದ ಹಬ್ಬಕ್ಕೆ ತಾನು ಇರುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟು, ಬಿಸಿಲು ಪಕ್ಕದಿಂದ ಬೀಳುವ ತನಕ ಬಟನ್ ಮುಟ್ಟಬೇಡ ಎಂದು ಮಗುವಿಗೆ ಹೇಳಿದಂತೆ ಹೇಳಿದ.

ಹೋದೆ. ಪುಟ್ಟಮ್ಮ ಕಲ್ಲು ತೊಳೆದಿದ್ದರು. ಸೂರ್ಯ ಮೋಡದ ಹಿಂದಿದ್ದ. ನಮ್ಮ ಮನೆಯಲ್ಲೂ ಅಂದು ಎಡೆ ಇಡಬೇಕು, ನೆಂಟರು ಬಂದಿದ್ದಾರೆ, ಹೊಟ್ಟೆ ಚುರುಗುಟ್ಟುತ್ತಿದೆ. ಆಕೆ ಎಣ್ಣೆ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಕೂತು, "ವಸಿ ತಡೀರಿ, ಮೋಡ ಓಯ್ತದೆ. ನಮ್ಮಜ್ಜ ಎಲ್ಲೂ ಓಗಾಕಿಲ್ಲ," ಎಂದರು. ನನಗೆ ರೇಗಿತು. ಅವನಾಯಿತು, ಈಗ ಈಕೆಯೂ! ಫ್ಲ್ಯಾಶ್ ಹಾಕಿ ಹೊಡೆದು ಹೊರಟೇಬಿಟ್ಟೆ.

ಊರು ದಾಟುವಷ್ಟರಲ್ಲಿ ಬಿಸಿಲು ಬಂತು. ಮರಗಳ ನೆರಳು ರಸ್ತೆಗಡ್ಡ ಉದ್ದುದ್ದ ಬಿದ್ದಿತ್ತು. ನಾನು ಸ್ಕೂಟರ್ ತಿರುಗಿಸಲಿಲ್ಲ.

ಮಾರನೆಯ ದಿನ ಕೆಂಪಣ್ಣ ಕನ್ನಡಕ ಏರಿಸಿ ಕ್ಯಾಮೆರಾದಲ್ಲೇ ಆ ಫೋಟೋವನ್ನು ಬಹಳ ಹೊತ್ತು ನೋಡಿದ. ಕಲ್ಲು ಬೆಳ್ಳಗೆ, ಸುಣ್ಣ ಬಳಿದ ಗೋಡೆಯಂತಿತ್ತು. ವೀರನಿಗೆ ಮೂಗೂ ಇರಲಿಲ್ಲ, ಕತ್ತಿಯೂ ಇರಲಿಲ್ಲ.

"ಬಿಸ್ಲು ಬರ್ಲೇ ಇಲ್ವಾ?"

"ಇಲ್ಲ," ಎಂದೆ.

ಅವನು ಕ್ಯಾಮೆರಾವನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ. ಆಮೇಲೆ ನನ್ನ ಕೈ ಹಿಡಿದುಕೊಂಡ. ಆ ವಾರ ಕಳೆಯುವುದರೊಳಗೆ ಅವನು ಹೋದ. ನನ್ನೊಡನೆ ಆಡಿದ ಕೊನೆಯ ಮಾತು ಅಂದಿನದೇ.

"ಓಗ್ಲಿ ಬುಡು. ಪಾಪ, ಒಬ್ನೇ ಎಷ್ಟೊತ್ ಕಾದ್ಯೋ ಏನೋ."