ಬರಿಗಾಲಲ್ಲಿ ಗಾಡಿ ನೋಡುವ ಖಾಸಿಂ ಮಿಸ್ತ್ರಿ

ಶಹಾಬಾದದ ಖಾಸಿಂ ಮಿಸ್ತ್ರಿಯವರು ಕೆಟ್ಟ ಮೋಟಾರು ಬಂದರೆ ಮೊದಲು ಚಪ್ಪಲಿ ಬಿಡುತ್ತಿದ್ದರು. ಒಳಗೆ ಕುಳಿತು, ಬರಿಗಾಲನ್ನು ತಳದ ಹಲಗೆಗೆ ಊರಿ, ಕಣ್ಣು ಮುಚ್ಚುತ್ತಿದ್ದರು. ಕಂಡವರು ಮುದುಕ ನಿದ್ದೆಗೆ ಬಂದಿದ್ದಾನೆ ಎಂದುಕೊಳ್ಳಬೇಕು. ನಟ್ಟು ಬಿಚ್ಚುವ ಪಾನಾ ಹಿಡಿಯುವುದು ಎಲ್ಲಕ್ಕೂ ಕೊನೆಗೆ. “ಮೊದ್ಲ ಗಾಡಿ ಮಾತು ಕೇಳ್ಬೇಕು, ಆಮ್ಯಾಗ ಡ್ರೈವರನ ಮಾತು” ಎನ್ನುತ್ತಿದ್ದರು. ಡ್ರೈವರನಾದ ನನಗೆ ಈ ಮಾತು ಅಷ್ಟೇನೂ ರುಚಿಸುತ್ತಿರಲಿಲ್ಲ.

ಆಗ ನಿಜಾಮರ ಕಾಲ. ನಾನು ಚಿತ್ತಾಪುರದ ವಕೀಲರೊಬ್ಬರ ಮೋಟಾರು ಓಡಿಸುತ್ತಿದ್ದೆ. ಯುದ್ಧದ ದೆಸೆಯಿಂದ ರಬ್ಬರು ಸಿಗುತ್ತಿರಲಿಲ್ಲ. ಇಂಜಿನ್ನಿನ ಕೆಳಗಿನ ರಬ್ಬರ್ ಮೆತ್ತೆ ಹರಿದಾಗ ನಾನು ಯಾರನ್ನೂ ಕೇಳದೆ ಶಹಾಬಾದ ಕಲ್ಲಿನ ಚೂರೊಂದನ್ನು ಅಳತೆಗೆ ಉಜ್ಜಿ ಅಲ್ಲಿ ಕೂರಿಸಿದೆ. ನಮ್ಮ ಕಡೆ ನೆಲಕ್ಕೂ ಮಾಳಿಗೆಗೂ ಅದೇ ಕಲ್ಲು, ಇಂಜಿನ್ನಿಗೇನು ಹೆಚ್ಚುಗಾರಿಕೆ? ಮರುದಿನದಿಂದ ವೇಗ ಕೊಟ್ಟರೆ ಸಾಕು, ಗಾಡಿ ಚಳಿಜ್ವರ ಬಂದವರಂತೆ ನಡುಗತೊಡಗಿತು. ಇಂಜಿನ್ನಿಗೆ ಕೈಹಚ್ಚಿದರೆ ಕೆಲಸ ಹೋಯಿತೆಂದು ವಕೀಲರು ಮೊದಲೇ ಹೇಳಿದ್ದರು. ನಾನು ಮುಟ್ಟೇ ಇಲ್ಲವೆಂದು ಆಣೆ ಮಾಡಿ, ತಪ್ಪನ್ನು ಗಾಲಿಯ ಮೇಲೆ ಹೊರಿಸಿದೆ.

ವಕೀಲರು ಗಾಡಿಯನ್ನು ಶಹಾಬಾದಕ್ಕೇ ತಂದರು. ಅವರನ್ನು ನೆರಳಲ್ಲಿ ಕೂರಿಸಿ, ಮಿಸ್ತ್ರಿ ನನ್ನ ಜೊತೆ ವಾಡಿ ರಸ್ತೆ ಹಿಡಿದರು. ಬರಿಗಾಲೂರಿ, ಕಣ್ಣು ಮುಚ್ಚಿ, ಆಕ್ಸಿಲರೇಟರ್ ಒತ್ತು ಅಂದರು, ಬಿಡು ಅಂದರು. ಮತ್ತೆ ಒತ್ತಿಸಿ, ಮತ್ತೆ ಬಿಡಿಸಿ ಕಣ್ಣು ತೆರೆದರು.

“ಗಾಲಿದು ತಪ್ಪಿದ್ರ ಕಾಲ್ ತಗದ್ರೂ ನಡಗತಿತ್ತು. ಇದು ಒತ್ತಿದಾಗಷ್ಟ ನಡಗಾಕತ್ತದ. ಇಂಜಿನ್ ಕುಂತ ಜಾಗಾ ತೋರ್ಸು.”

ಕಲ್ಲು ಸಿಕ್ಕಿತು. ನಾನು ಎಲ್ಲ ಒಪ್ಪಿಕೊಂಡು, ಧಣಿಗೆ ಹೇಳಬೇಡಿರೆಂದು ಕೈ ಮುಗಿದೆ. ಅವರು ಹೊಟ್ಟೆ ಹಿಡಿದು ನಕ್ಕರು.

“ಕಲ್ಲಿನ ಮ್ಯಾಲ ಮನಿ ನಿಲ್ತದಪಾ, ಇಂಜಿನ್ ನಿಲ್ಲಂಗಿಲ್ಲ. ಅದಕ್ಕ ಅಲಗಾಡ್ಲಿಕ್ಕ ಮೆತ್ತನ್ನ ಜಾಗಾ ಬೇಕು.”

ಟೈರಿನಿಂದ ಮಾಡಿದ ತಮ್ಮ ಚಪ್ಪಲಿಯ ಹಿಮ್ಮಡಿಯನ್ನೇ ಕೊಯ್ದು ಅಲ್ಲಿ ಇಟ್ಟರು. ನಡುಕ ನಿಂತೇಹೋಯಿತು. ನನ್ನನ್ನು ನೀರು ತರಲು ಕಳಿಸಿ, ವಕೀಲರ ಹತ್ತಿರ ಏನೋ ಮಾತಾಡಿದರು. ವಕೀಲರು ನನಗೆ ಒಂದು ಮಾತೂ ಅನ್ನಲಿಲ್ಲ. ಮುದುಕ ನನಗಾಗಿ ಸುಳ್ಳು ಹೇಳಿದ್ದಾನೆಂದು ಎಷ್ಟೋ ವರ್ಷ ನಂಬಿಕೊಂಡೇ ಬಂದೆ.

ಮಿಸ್ತ್ರಿಯವರು ತೀರಿಕೊಂಡಾಗ ಅವರ ಮಣ್ಣಿಗೆ ಹೋಗಿ ಮರಳುವಾಗ ನನಗೆ ತಡೆಯಲಾಗಲಿಲ್ಲ. ಹಿಂದೆ ಕುಳಿತಿದ್ದ ವಕೀಲರಿಗೆ ಕಲ್ಲಿನ ಕಥೆ ಹೇಳಿಬಿಟ್ಟೆ. ಅವರು ಆರಾಮಾಗಿ ಎಲೆ ಅಡಿಕೆ ಅಗಿಯುತ್ತಿದ್ದರು.

“ಅಂವ ಅವತ್ತೇ ಎಲ್ಲಾ ಹೇಳ್ಯಾನ. ‘ಕಲ್ಲಿನ ಅಳತಿ ಕೂದಲಷ್ಟೂ ತಪ್ಪಿಲ್ರಿ, ಇಂಥಾ ಕೈ ಬಿಡಬ್ಯಾಡ್ರಿ’ ಅಂದಿದ್ದ.”

ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ, ಕೆಳಗಿಳಿದು, ನಾನು ಅತ್ತೆ.