ಎಮ್ಮೆಯ ಹೊಂಡಕ್ಕೆ ಹುಡುಕಿದ ಜಾಗ

ತವರಿನಿಂದ ನನ್ನ ಬೆನ್ನಿಗೆ ಬಂದದ್ದು ಒಂದು ಎಮ್ಮೆ. ಬನವಾಸಿ ಕಡೆಯ ನನ್ನ ಗಂಡನ ಊರಿನಲ್ಲಿ ಕೆರೆ ದೂರ. ಬೇಸಿಗೆ ಬಂತೆಂದರೆ ಅದು ಕೊಟ್ಟಿಗೆಯಲ್ಲಿ ನಾಲಗೆ ಚಾಚಿಕೊಂಡು ನಿಲ್ಲುತ್ತಿತ್ತು. ಹಿತ್ತಲಲ್ಲಿ ಅದಕ್ಕೊಂದು ಸಣ್ಣ ಹೊಂಡ ತೋಡಿಕೊಡಿ ಎಂದು ನಾನು ಗಂಡನ ಬೆನ್ನು ಹತ್ತಿದೆ. ಅರವತ್ತರ ದಶಕದ ಮೊದಮೊದಲ ಮಾತು. ಮಗಳಿನ್ನೂ ಕಂಕುಳಲ್ಲಿದ್ದಳು.

ಜಾಗವನ್ನೂ ನಾನೇ ನೋಡಿಟ್ಟಿದ್ದೆ, ಹುಲ್ಲಿನ ಬಣವೆಯ ಹಿಂದೆ. ಕೊಟ್ಟಿಗೆಗೂ ಹತ್ತಿರ, ಬಾವಿಗೂ ಹತ್ತಿರ, ಮಧ್ಯಾಹ್ನ ನೆರಳು ಬೇರೆ.

"ಅಲ್ಲಿ ಬ್ಯಾಡ," ಅಂದರು ಗಂಡ.

"ಯಾಕ್ರಿ?"

"ಬ್ಯಾಡಂದ್ರ ಬ್ಯಾಡ."

ಕಾರಣ ಹೇಳದೆ ಬೇಡ ಅನ್ನುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. "ಎಮ್ಮಿ ನಂದು. ಜಾಗ ಏನ್ ನಿಮ್ಮಪ್ಪಂದೇನ್ರಿ?" ಎಂದು ಕೇಳಿಯೇ ಬಿಟ್ಟೆ. ಜಾಗ ಅವರಪ್ಪನದೇ ಆಗಿತ್ತು, ಆ ಮಾತು ಬೇರೆ. ಎರಡು ದಿನ ನಾವು ಮುಖ ಊದಿಸಿಕೊಂಡು ಓಡಾಡಿದೆವು.

ನಡುವೆ ಬಂದವರು ಅತ್ತೆ. "ನನ್ನ ಸಂಡಗಿ ಕಟ್ಟಿ ತಗೋ ನನ್ನವ್ವ. ನಾ ಎಲ್ಲಿಯಾರ ಒಣಗಿಸ್ಕೊಂತೀನಿ," ಅಂದರು. ಹಿತ್ತಲ ನಡುವೆ, ತುಸು ಎತ್ತರದ ಆ ಬಯಲಲ್ಲಿ ಅವರು ಮದುವೆಯಾಗಿ ಬಂದಾಗಿನಿಂದ ಸಂಡಿಗೆ, ಹಪ್ಪಳ ಒಣಗಿಸುತ್ತಿದ್ದರು. ದಿಬ್ಬದ ಮೇಲೆ ಯಾರಾದರೂ ಹೊಂಡ ತೋಡುತ್ತಾರೆಯೇ? ಆದರೆ ಗಂಡ ತಟ್ಟನೆ ಒಪ್ಪಿಬಿಟ್ಟರು. ಬಣವೆ ತಪ್ಪಿತಲ್ಲ, ಅವರಿಗೆ ಅಷ್ಟೇ ಸಾಕಾಗಿತ್ತು.

ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಅವರ ಮುಂದೆ ಯಾವ ಮಗುವೂ ಅನ್ನ ಕೇಳುವಂತಿರಲಿಲ್ಲ, ಕೇಳುವ ಮೊದಲೇ ಬಡಿಸುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಮಾವನಿಗೆ ಗದ್ದೆಯಲ್ಲಿ ಹಾವು ಕಡಿಯಿತಂತೆ. ಹೊತ್ತು ತರುವಷ್ಟರಲ್ಲಿ ಮಾತು ನಿಂತುಹೋಗಿತ್ತು, ಅವತ್ತೇ ತೀರಿಕೊಂಡರು. ಇದ್ದ ಭತ್ತವನ್ನೆಲ್ಲ ಸರಕಾರದವರು ಕಡ್ಡಾಯ ಲೆವಿಗೆ ಅಳೆದುಕೊಂಡು ಹೋದರು ಎಂದು ಮಾವ ಮೊದಲೇ ಹೇಳಿದ್ದರಿಂದ, ಅತ್ತೆ ಮನೆಯಲ್ಲಿ ಹುಡುಕಲೂ ಇಲ್ಲ. ಗಂಜಿಗಾಗಿ ಊರ ಮನೆಮನೆ ತಿರುಗಿದರು. ನನ್ನ ಗಂಡ ಉಳಿದರು, ಅವರ ಪುಟ್ಟ ತಂಗಿ ಉಳಿಯಲಿಲ್ಲ. "ಇನ್ನೆರಡು ಮನಿ ತಿರಗಿದ್ರ ಕೂಸು ಉಳೀತಿತ್ತೇನೋ. ನಾ ಸೋತು ಕುಂತುಬಿಟ್ಟೆ," ಎಂದು ಅತ್ತೆ ಎಷ್ಟು ಸಲ ನನ್ನ ಮುಂದೆ ಅತ್ತಿದ್ದರೋ.

ಅಗೆಯುವ ದಿನ ಮೊಣಕಾಲುದ್ದ ಇಳಿದಿರಲಿಲ್ಲ, ಗುದ್ದಲಿ ಠಣ್ ಅಂದಿತು.

"ಹೊನ್ನಿನ ಕೊಪ್ಪರಿಗಿ! ಎಮ್ಮಿ ದೆಸೀಲಿಂದ ನಾವು ಸಾವಕಾರರಾದ್ವಿ!" ಎಂದು ನಾನು ಕೂಗಿದೆ. ಗಂಡ ನಗಲಿಲ್ಲ. ಮಣ್ಣು ಸರಿಸಿ ನೋಡಿದರು. ಒಂದು ಚಪ್ಪಡಿ ಕಲ್ಲು. ಅವರ ಮುಖ ಬಿಳಿಚಿಕೊಂಡಿತು.

"ಕೂಸಿನ್ನ ಎತ್ತಿಕೊಂಡು ದೂರ ಸರಿ. ಇದು ಹಗೇವು."

ಹಗೇವು ಎಂದರೆ ನೆಲದಡಿಯ ಕಣಜ. ಒಳಗೆ ಹುಲ್ಲು ಹೊದಿಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣೆಳೆದುಬಿಟ್ಟರೆ ಅಲ್ಲೊಂದು ಗುಂಡಿ ಇದೆಯೆಂದು ಯಾರಿಗೂ ತಿಳಿಯದು. ಆ ಮನೆತನದಲ್ಲಿ ಅದರ ಜಾಗ ಗಂಡಸರಿಗೆ ಮಾತ್ರ ಗೊತ್ತಿರಬೇಕು. ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲವಂತೆ!

ಹಾರೆ ಹಾಕಿ ಕಲ್ಲು ಎಬ್ಬಿಸಿದಾಗ ಎದ್ದ ನಾತಕ್ಕೆ ನಾನು ಸೆರಗು ಮುಚ್ಚಿಕೊಂಡೆ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಮಧ್ಯಾಹ್ನದವರೆಗೆ ಹಾಗೇ ಬಿಟ್ಟು, ದೀಪ ಇಳಿಬಿಟ್ಟು ನೋಡಿ, ಗಂಡ ಬಗ್ಗಿ ಒಂದು ಬುಟ್ಟಿ ಮೇಲೆತ್ತಿದರು. ಭತ್ತ. ಕರ್ರಗಾದ, ಮುಟ್ಟಿದರೆ ಪುಡಿಯಾಗುವ ಭತ್ತ. ಗುಂಡಿಯ ತುಂಬ ಅದೇ.

ಅತ್ತೆ ಯಾವಾಗ ಬಂದು ನಿಂತಿದ್ದರೋ ನಾನು ನೋಡಿರಲಿಲ್ಲ. ಬುಟ್ಟಿಗೆ ಕೈ ಹಾಕಿ ಒಂದು ಹಿಡಿ ತೆಗೆದುಕೊಂಡರು. ಅವರು ಅಳುತ್ತಾರೆಂದುಕೊಂಡೆ. ಅಳಲಿಲ್ಲ. ಶಿವ ಶಿವಾ, ಅತ್ತಿದ್ದರೆ ಎಷ್ಟೋ ಚೆನ್ನಾಗಿತ್ತು.

"ಇಲ್ಲೇ ಕುಂತಿತ್ತಲ್ಲೋ," ಅಂದರು ಮಗನಿಗೆ. "ನಿನ್ನ ತಂಗಿ. ನಾ ಯಾರ್ಯಾರ ಮನಿಗೋ ಹೋಗಿ ಬರೂತನಕ ಇಲ್ಲೇ, ಇದರ ಮ್ಯಾಲ, ಗಂಜಿ ಬರತೈತಿ ಅಂತ ಕುಂತಿರತಿತ್ತು."

ಗಂಡ ತಲೆ ಎತ್ತಲಿಲ್ಲ. "ಅಪ್ಪಗ ಹೇಳಾಕ ಹೊತ್ತು ಸಿಗಲಿಲ್ಲವ್ವ. ಮಾತ ನಿಂತಿತ್ತಲ್ಲ," ಅಂದರು.

"ಹೊತ್ತು ಸಿಗಲಿಲ್ಲ? ಎರಡು ಮಕ್ಕಳನ್ನ ಹಡದೀನೋ ಅವಗ! ಅಷ್ಟು ವರ್ಷದಾಗ ಒಂದ್ ದಿನಾರ ಹೊತ್ತು ಸಿಗಲಿಲ್ಲ?"

ಅತ್ತೆ ಕೈಯ ಕರಿಪುಡಿಯನ್ನು ಕೊಡವಲಿಲ್ಲ, ಮುಷ್ಟಿ ಕಟ್ಟಿಕೊಂಡೇ ಮಗನ ಹತ್ತಿರ ಹೋದರು.

"ನಿಂದು ಎಲ್ಲೈತಿ?"

ನನಗೆ ಅರ್ಥವಾಗಲಿಲ್ಲ. ಗಂಡನಿಗೆ ಅರ್ಥವಾಗಿತ್ತು. ಅವರ ಕಣ್ಣು ತಾನಾಗಿ ಬಣವೆಯ ಕಡೆ ಹೋಯಿತು. ನಾನು ಬಾಣಂತನಕ್ಕೆ ತವರಿಗೆ ಹೋಗಿದ್ದಾಗ, ಅತ್ತೆಯನ್ನೂ ನನ್ನ ಜೊತೆ ಕಳಿಸಿ, ಅಲ್ಲೊಂದು ಹಗೇವು ತೋಡಿ ತುಂಬಿಸಿದ್ದರಂತೆ. ವರ್ಷದ ಕಾಳು. ನಾನು ದಿನಾ ಅದರ ಮಗ್ಗುಲಲ್ಲೇ ಹುಲ್ಲು ಹಿರಿಯುತ್ತಿದ್ದೆ. ಹೊಂಡಕ್ಕೆ ನಾನು ಆ ಜಾಗ ಕೇಳಿದಾಗ ಬೇಡವೆಂದದ್ದೂ ಅದಕ್ಕೇ. ಆಗಲೂ ಆ ಮನುಷ್ಯ ಬಾಯಿ ಬಿಟ್ಟಿರಲಿಲ್ಲ!

"ನಡಿ, ತೋರಸು," ಅಂದರು ಅತ್ತೆ. "ನನಗಲ್ಲೋ. ಅಕಿಗೆ."

ಗಂಡ ಮುಂದೆ ನಡೆದರು. ಬಣವೆಯ ಹಿಂದೆ, ನಾನು ಹೊಂಡಕ್ಕೆಂದು ಕೇಳಿದ್ದ ಅದೇ ಜಾಗದಲ್ಲಿ ಹೋಗಿ ನಿಂತು, ಕಾಲಿನಿಂದ ನೆಲ ತಟ್ಟಿದರು.

ಅತ್ತೆ ನನ್ನ ರಟ್ಟೆ ಹಿಡಿದು ಮಗನನ್ನು ಪಕ್ಕಕ್ಕೆ ಸರಿಸಿದರು. "ನಿಂದರು ಇಲ್ಲಿ. ಕೂಸಿನ್ನೂ ಇಳಸು. ಅದೂ ನಿಂದರಲಿ."

ಮಗಳಿಗೆ ಆಗಷ್ಟೇ ಹೆಜ್ಜೆ ಬರುತ್ತಿತ್ತು. ಇಳಿಸಿದೆ. ನನ್ನ ಸೀರೆಯ ನೆರಿಗೆ ಹಿಡಿದುಕೊಂಡು ಅವಳು ಆ ಮಣ್ಣಿನ ಮೇಲೆ ನಿಂತಳು.