ಪಕ್ಕದ ಮನೆಯ ಗೋಡೆ ಬಿದ್ದ ಕಾರಣ

ನೆಲ ನಡುಗಿದ ಮಧ್ಯಾಹ್ನ ನಾನು ಒಂಬತ್ತನೆಯ ತರಗತಿಗೆ ವಿಜ್ಞಾನದ ಪಾಠ ಹೇಳುತ್ತಿದ್ದೆ. ಕಿಟಕಿಗಳು ಗಡಗಡ ಅಂದವು. ಮಕ್ಕಳನ್ನೆಲ್ಲ ಬಯಲಿಗೆ ಕರೆತಂದು ಕೂರಿಸಿದೆವು. ಸಂಜೆ ಮನೆಗೆ ಬಂದರೆ ಪಕ್ಕದ ಮನೆಯ ದೊಡ್ಡವ್ವನ ಅಡುಗೆಮನೆಯ ಮಣ್ಣಿನ ಗೋಡೆ ಕುಸಿದಿತ್ತು. ಆಕೆ ಹಿತ್ತಲಲ್ಲಿದ್ದುದರಿಂದ ಉಳಿದಿದ್ದಳು.

"ನಿಮ್ಮಣ್ಣನ ಕ್ವಾರಿಯಿಂದನ ಇದು ಆಗಿದ್ದು," ಎಂದಳು.

ಅಣ್ಣ ಅಕ್ಕಿಆಲೂರು ದಾರಿಯ ಕಲ್ಲಿನ ಕ್ವಾರಿಯಲ್ಲಿ ಸಿಡಿಮದ್ದು ತುಂಬಲು ಬಂಡೆ ಕೊರೆಯುತ್ತಾನೆ. ದೊಡ್ಡವ್ವ ಅವನೊಡನೆ ಮಾತು ಬಿಟ್ಟಳು. ಒಂದು ದಿನ ಊಟಕ್ಕೆ ಕುಳಿತವನು ನನ್ನನ್ನು ಕೇಳಿದ: "ನೀ ಸೈನ್ಸ್ ಕಲಸ್ತಿ. ಖರೇನ ನಮ್ಮಿಂದ ಆತೇನು?"

ಆ ವಾರವೇ ಭೂವಿಜ್ಞಾನಿಯೊಬ್ಬರು ಬಂದರು. ನನ್ನಷ್ಟೇ ವಯಸ್ಸಿನ ಹೆಣ್ಣುಮಗಳು. ಭೂಕಂಪದ ಬೆನ್ನಿಗೆ ಬರುವ ಸಣ್ಣ ನಡುಕಗಳನ್ನು ಅಳೆಯಲು ನಮ್ಮ ಶಾಲೆಯ ಉಗ್ರಾಣದಲ್ಲಿ ಒಂದು ಯಂತ್ರ ಇಟ್ಟರು. ಅಂಥವೇ ಸವಣೂರು, ಶಿಗ್ಗಾಂವಿ, ಹಿರೇಕೆರೂರಿನಲ್ಲೂ ಇದ್ದವು. ದಿನಾ ಬೆಳಿಗ್ಗೆ ಅದರ ದೀಪ ಉರಿಯುತ್ತಿದೆಯೇ ಎಂದು ನೋಡುವ ಕೆಲಸ ನನ್ನದಾಯಿತು.

ಕೆಲವು ವಾರಗಳ ನಂತರ ಅವರು ಲ್ಯಾಪ್‌ಟಾಪ್ ತೆರೆದು ಆ ಸಣ್ಣ ನಡುಕಗಳ ಗೆರೆಗಳನ್ನು ತೋರಿಸಿದರು. ದೊಡ್ಡ ನಡುಕ ಹುಟ್ಟಿದ ಕಡೆಯಿಂದಲೇ ಇವೂ ಬರುತ್ತವೆ ಎಂದರು.

"ಸಿಡಿಮದ್ದು ನೆಲವನ್ನ ಎಲ್ಲಾ ದಿಕ್ಕಿಗೂ ಹೊರಗೆ ತಳ್ಳುತ್ತೆ. ಅದಾಗಿದ್ರೆ ನಾಲ್ಕೂ ಊರಲ್ಲಿ ಗೆರೆ ಮೊದಲು ಮೇಲಕ್ಕೇ ಹೋಗ್ಬೇಕು. ಆದ್ರೆ ನೋಡಿ, ಸವಣೂರಲ್ಲಿ ಮೇಲೆ, ಹಿರೇಕೆರೂರಲ್ಲಿ ಕೆಳಗೆ."

ಕ್ವಾರಿಗಿಂತ ಎಷ್ಟೋ ಆಳದಲ್ಲಿ ಒಂದು ಹಳೆಯ ಬಿರುಕಿನ ಎರಡು ಬದಿಗಳು ಒಂದಕ್ಕೊಂದು ಉಜ್ಜಿಕೊಂಡು ಸರಿದಿದ್ದವು. ಭಾರತದ ನೆಲವೆಲ್ಲ ಉತ್ತರಕ್ಕೆ ಸರಿಯುತ್ತ ಹಿಮಾಲಯವನ್ನು ಒತ್ತುತ್ತಿದೆ, ಆ ಒತ್ತಡ ಬಂಡೆಯೊಳಗೆ ಈ ಊರಿನ ತನಕ ಹಬ್ಬಿದೆ ಎಂದರು. ವರ್ಷವರ್ಷವೂ ಇದನ್ನೇ ಪಾಠ ಮಾಡಿದ್ದೆ. ನಮ್ಮೂರೂ ಅದರಲ್ಲಿ ಸೇರಿದೆ ಎಂದು ಎಂದೂ ಯೋಚಿಸಿರಲಿಲ್ಲ.

ಅವರನ್ನು ದೊಡ್ಡವ್ವನ ಮನೆಗೆ ಕರೆದೊಯ್ದೆ. ಜೊತೆಗೆ ಬಂದ ಅಣ್ಣ ಹೊರಗೆ ಕಟ್ಟೆಯ ಮೇಲೆ ಕುಳಿತ. ಎಲ್ಲ ಕೇಳಿಸಿಕೊಂಡು ದೊಡ್ಡವ್ವ, "ಹಿಮಾಲಯ ಎಲ್ಲೈತ್ರಿ, ನನ್ನ ಒಲಿ ಎಲ್ಲೈತ್ರಿ," ಎಂದಳು. ಆಮೇಲೆ ಕೇಳಿದಳು: "ಮತ್ತ ಬರತೈತೇನ್ರಿ?"

"ಅದು ನನಗೆ ಗೊತ್ತಿಲ್ಲಮ್ಮ. ಯಾರಿಗೂ ಗೊತ್ತಿಲ್ಲ."

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದದ್ದಕ್ಕೇ ಅವರ ಉಳಿದ ಮಾತನ್ನೂ ದೊಡ್ಡವ್ವ ನಂಬಿದಳು ಎಂದು ಕಾಣುತ್ತದೆ. ಬಾಗಿಲಿಗೆ ಬಂದು ಅಣ್ಣನಿಗೆ, "ಹೊರಗ್ಯಾಕ ಕುಂತಿ? ಬಾ, ಚಾ ಕುಡಿ," ಎಂದಳು. ಅವನು ತಲೆ ತಗ್ಗಿಸಿಕೊಂಡೇ ಒಳಗೆ ಬಂದ.

ಮುಂದಿನ ರವಿವಾರ ಅವನೇ ನಿಂತು ಆ ಗೋಡೆಯನ್ನು ಕಲ್ಲಿನಲ್ಲಿ ಕಟ್ಟಿಕೊಟ್ಟ. ನಾನು ಕಲ್ಲು ಎತ್ತಿಕೊಡುತ್ತಿದ್ದಾಗ ದೊಡ್ಡವ್ವ, "ಆ ಬಿರುಕು ಎಲ್ಲಿಂದ ಎಲ್ಲೀತನಾ ಐತಿ?" ಎಂದು ಕೇಳಿದಳು. ಮರುದಿನ ಅದನ್ನು ತೋರಿಸಲು ಶಾಲೆಯಿಂದ ಜಿಲ್ಲೆಯ ನಕ್ಷೆ ತಂದು ಆಕೆಯ ಮುಂದೆ ಹಾಸಿದೆ.